ತಲೆಗೆ ತೂತು ಕೊರೆದ ಮೇಲೆ...

ಜೀವಕನ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಬುದ್ಧನ ಕಾಲದ ವೈದ್ಯ. ಪಾಲಿಯ ವಿನಯಪಿಟಕದಲ್ಲಿ, ಮಹಾವಗ್ಗ ಅನ್ನುವ ಭಾಗದಲ್ಲಿ, ಅವನು ಮಾಡಿದ ಚಿಕಿತ್ಸೆಗಳ ಕಥೆಗಳಿವೆ. ಅದರಲ್ಲೊಂದು ರಾಜಗೃಹದ ಶ್ರೀಮಂತ ವರ್ತಕನದು. ಏಳು ವರ್ಷದಿಂದ ತಲೆಬೇನೆ. ಬೇರೆ ವೈದ್ಯರೆಲ್ಲ ಕೈಚೆಲ್ಲಿ, ಇನ್ನು ಐದು ದಿನವೋ ಏಳು ದಿನವೋ ಅಂತ ಲೆಕ್ಕ ಹಾಕುತ್ತಾ ಕೂತಿದ್ದಾರೆ. ಫೀಸಿನ ಮಾತು ಮುಗಿದ ಮೇಲೆ (ಹೌದು, ಆಗಲೂ ಫೀಸಿನ ಮಾತೇ ಮೊದಲು!) ಜೀವಕ ಕೇಳುವ ಪ್ರಶ್ನೆ ವಿಚಿತ್ರವಾಗಿದೆ. ಒಂದು ಮಗ್ಗುಲಲ್ಲಿ ಏಳು ತಿಂಗಳು, ಇನ್ನೊಂದು ಮಗ್ಗುಲಲ್ಲಿ ಏಳು ತಿಂಗಳು, ಅಂಗಾತ ಏಳು ತಿಂಗಳು ಮಲಗಿರಲು ಆಗುತ್ತದಾ ಅಂತ. ವರ್ತಕ ಒಪ್ಪುತ್ತಾನೆ. ಜೀವಕ ಅವನನ್ನು ಮಂಚಕ್ಕೆ ಕಟ್ಟಿ, ನೆತ್ತಿಯ ಚರ್ಮ ಸೀಳಿ, ಬುರುಡೆಯ ಹೊಲಿಗೆ ಬಿಡಿಸಿ, ಒಳಗಿಂದ ಎರಡು ಹುಳ ತೆಗೆದು ತೋರಿಸಿ, ಮತ್ತೆ ಹೊಲಿದು ಲೇಪ ಹಚ್ಚುತ್ತಾನೆ. ವರ್ತಕನಿಗೆ ಏಳು ದಿನಕ್ಕೇ ಸಾಕಾಗುತ್ತದೆ. ಮಗ್ಗುಲು ಬದಲಿಸು ಅನ್ನುತ್ತಾನೆ ಜೀವಕ. ಅಲ್ಲೂ ಏಳೇ ದಿನ. ಅಂಗಾತವೂ ಏಳೇ ದಿನ. ಇಪ್ಪತ್ತೊಂದನೆಯ ದಿನ ಎದ್ದು ಕೂತ ವರ್ತಕನಿಗೆ ಜೀವಕ ನಿಜ ಹೇಳುತ್ತಾನೆ: ಏಳು ತಿಂಗಳು ಅನ್ನದೇ ಇದ್ದಿದ್ದರೆ ನೀನು ಏಳು ದಿನವೂ ಮಲಗುತ್ತಿರಲಿಲ್ಲ, ಇಷ್ಟಕ್ಕೇ ವಾಸಿಯಾಗುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು ಅಂತ.

ನಮ್ಮ ದೇಶದಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಮಿದುಳಿನ ಆಪರೇಶನ್ ಇತ್ತು ಅಂತ ಎದೆ ತಟ್ಟಿಕೊಳ್ಳುವುದಕ್ಕೆ ಈ ಕಥೆಯನ್ನು ಬಳಸುವವರಿದ್ದಾರೆ. ನನಗೆ ಆ ಜಗಳ ಬೇಡ. ಹುಳದ ಮಾತು ನಂಬುವಂಥದ್ದೂ ಅಲ್ಲ. ಆದರೆ ಕಥೆ ಬರೆದವನಿಗೆ ಒಂದು ವಿಷಯ ಗೊತ್ತಿತ್ತು ಅನ್ನಿಸುತ್ತದೆ. ತಲೆ ತೆರೆಯುವುದು ಒಂದು ಗಳಿಗೆಯ ಕೆಲಸ, ಆಮೇಲಿನ ಹಾಸಿಗೆಯೇ ದೊಡ್ಡ ಕೆಲಸ. ವಯಸ್ಸಾದವರ ಮಿದುಳಿನ ರಕ್ತಸ್ರಾವದ ಚಿಕಿತ್ಸೆಯ ಚರಿತ್ರೆ ಓದುತ್ತಾ ಹೋದ ಹಾಗೆ, ಅದೂ ಬಹುಮಟ್ಟಿಗೆ ಹಾಸಿಗೆಯದೇ ಚರಿತ್ರೆ ಅಂತ ನನಗೆ ಕಂಡಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಊರಿಗಾಂನವನು. ಗೊತ್ತಿಲ್ಲದವರಿಗೆ: ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಸಣ್ಣ ರೈಲು ದಾರಿಯಲ್ಲಿ, ಕೋರಮಂಡಲ ದಾಟಿದ ಮೇಲೆ ಬರುವ ಸ್ಟೇಶನ್ನು. ಕೆ.ಜಿ.ಎಫ್. ಅಂದರೆ ಈಗ ಎಲ್ಲರಿಗೂ ಸಿನಿಮಾ. ನಮಗೆ ಅದು 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಊರು. ಗಣಿ ಮುಚ್ಚಿದಾಗ ನಲವತ್ತು, ಐವತ್ತು ದಾಟಿದ್ದ ಗಂಡಸರೆಲ್ಲ ಈಗ ಮುದುಕರು. ಅವರ ಮಕ್ಕಳು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರು. ಹಗಲೆಲ್ಲ ಲೈನು ಮನೆಗಳಲ್ಲಿ ಉಳಿಯುವುದು ವಯಸ್ಸಾದವರೇ. ಇಂಥ ಊರಲ್ಲಿ “ಬಚ್ಚಲಲ್ಲಿ ಜಾರಿ ಬಿದ್ದರಂತೆ, ತಲೇಲಿ ರಕ್ತ ಹೆಪ್ಪುಗಟ್ಟಿದೆಯಂತೆ” ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಮಿದುಳಿನ ರಕ್ತಸ್ರಾವ ಅಂತ ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಬೇರೆ ಬೇರೆ ಕಾಯಿಲೆಗಳಿವೆ. ಬಿ.ಪಿ. ಏರಿ ಮಿದುಳಿನ ಒಳಗಿನ ನಾಳ ಒಡೆಯುವುದು ಒಂದು. ಅದು ಹಠಾತ್ತನೆ ಬರುತ್ತದೆ. ಇನ್ನೊಂದು ಮಿದುಳಿನ ಹೊರಗೆ, ಅದನ್ನು ಸುತ್ತಿರುವ ಗಟ್ಟಿ ಪೊರೆಯ ಕೆಳಗೆ ನಿಧಾನವಾಗಿ ರಕ್ತ ಜಿನುಗಿ ನಿಲ್ಲುವುದು. ಡಾಕ್ಟರುಗಳು ಸಬ್‌ಡ್ಯೂರಲ್ ಹೆಮಟೋಮ ಅನ್ನುತ್ತಾರೆ. ವಯಸ್ಸಾದ ಹಾಗೆ ಮಿದುಳು ಸ್ವಲ್ಪ ಕುಗ್ಗುತ್ತದೆ, ಒಣಗಿದ ಕೊಬ್ಬರಿ ಚಿಪ್ಪಿನೊಳಗೆ ಸಡಿಲವಾದ ಹಾಗೆ. ಮಿದುಳಿನಿಂದ ಪೊರೆಗೆ ಹೋಗುವ ಸಣ್ಣ ಸಣ್ಣ ರಕ್ತನಾಳಗಳು ಆಗ ಎಳೆದು ಕಟ್ಟಿದ ದಾರದ ಹಾಗಿರುತ್ತವೆ. ಬಾಗಿಲಿನ ಮೇಲ್ಕಟ್ಟಿಗೆ ಹಣೆ ತಗಲಿದರೆ ಸಾಕು, ಒಂದು ಹರಿಯಬಹುದು. ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ, ಕುಡಿಯುವವರಿಗೆ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಇನ್ನೂ ಸುಲಭ. ಎರಡು ಮೂರು ವಾರ ಏನೂ ಗೊತ್ತಾಗುವುದಿಲ್ಲ. ಆಮೇಲೆ ತಲೆನೋವು, ತೂಕಡಿಕೆ, ನಡೆದರೆ ಒಂದು ಪಕ್ಕ ವಾಲುವುದು, ಹೆಸರು ಮರೆಯುವುದು. ಅಷ್ಟು ಹೊತ್ತಿಗೆ ಬಿದ್ದದ್ದೇ ಮರೆತುಹೋಗಿರುತ್ತದೆ.

ಮನೆಯವರು ಏನಂತಾರೆ? ಅರಳುಮರಳು ಅಂತಾರೆ. ಅರವತ್ತಾದ ಮೇಲೆ ಬರುವುದೇ ಅಲ್ಲವೇ ಅಂತ ಸುಮ್ಮನಾಗುತ್ತಾರೆ.

ಹೀಗೆ ಅಂದುಕೊಂಡದ್ದು ನಮ್ಮ ಲೈನು ಮನೆಯವರು ಮಾತ್ರ ಅಲ್ಲ. ಯೋಹಾನ್ ಯಾಕೋಬ್ ವೆಪ್ಫರ್ ಅನ್ನುವ ಸ್ವಿಸ್ ವೈದ್ಯ 1650ರ ದಶಕದಲ್ಲೇ ಹೆಣ ಕೊಯ್ದು ಪೊರೆಯ ಕೆಳಗಿನ ರಕ್ತದ ಚೀಲ ಕಂಡಿದ್ದ. ಆದರೆ 1857ರಲ್ಲಿ ಜರ್ಮನಿಯ ದೊಡ್ಡ ಪಂಡಿತ ರುಡಾಲ್ಫ್ ವಿರ್ಶೋ ಇದು ಪೊರೆಯ ಉರಿಯೂತದಿಂದ ಬರುವ ಕಾಯಿಲೆ ಅಂದುಬಿಟ್ಟ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಇದು ಹೆಚ್ಚಾಗಿ ಸಿಗುತ್ತಿದ್ದದ್ದು ಹುಚ್ಚಾಸ್ಪತ್ರೆಯಲ್ಲಿ ಸತ್ತವರ ತಲೆಗಳಲ್ಲಿ. ಅಂದರೆ ಎಷ್ಟೋ ಜನ ಹುಚ್ಚರು, ಅರಳುಮರಳಿನವರು ಅಂತ ಒಳಗೆ ಹೋದವರು, ತಲೆಯಲ್ಲಿ ರಕ್ತ ಇಟ್ಟುಕೊಂಡೇ ಸತ್ತಿರಬೇಕು. 1914ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲ್ಫ್ರೆಡ್ ಟ್ರಾಟರ್, ಇದು ಉರಿಯೂತ ಅಲ್ಲ, ಪೆಟ್ಟು, ನಾಳ ಹರಿದದ್ದು ಅಂತ ವಾದಿಸಿದ ಮೇಲೆ ದಾರಿ ತಿರುಗಿತು. ಪೆಟ್ಟು ಅಂದ ಮೇಲೆ ರಿಪೇರಿಯೂ ಸಾಧ್ಯ. 1925ರಲ್ಲಿ ಅಮೆರಿಕದ ಹಾರ್ವಿ ಕುಶಿಂಗ್ ಮತ್ತು ಪಟ್ನಮ್ ಸೇರಿ ಬರೆದ ಲೇಖನ ಇದನ್ನು ಆಪರೇಶನ್ನಿನಿಂದ ಸರಿಮಾಡಬಲ್ಲ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಈಗ ನಮ್ಮ ಕಡೆಗೆ ಬರೋಣ. ಊರಿಗಾಂನ ಜನಕ್ಕೆ ಈ ಚಿಕಿತ್ಸೆ ಯಾವಾಗ, ಎಲ್ಲಿ ಸಿಕ್ಕಿತು?

ಕೆ.ಜಿ.ಎಫ್.ಗೆ ಎಲ್ಲವೂ ಬೇಗ ಬಂದಿತ್ತು. ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟಿತು, 1894ಕ್ಕೆ ರೈಲು, 1902ಕ್ಕೆ ಶಿವನಸಮುದ್ರದಿಂದ ಕರೆಂಟು. ಗಣಿಗೆ ತನ್ನದೇ ದೊಡ್ಡ ಆಸ್ಪತ್ರೆಯೂ ಇತ್ತು. ಬಂಡೆ ಸಿಡಿದು ಕೈಕಾಲು ಮುರಿದವರನ್ನು ನೋಡುವುದು ಅಲ್ಲಿ ದಿನನಿತ್ಯದ ಕೆಲಸ. ಮಿದುಳಿನ ಶಸ್ತ್ರಚಿಕಿತ್ಸೆ ಬೇರೆ ಮಾತು. ಅದು ಇಡೀ ಭಾರತಕ್ಕೇ ತಡವಾಗಿ ಬಂತು. ದೇಶದ ಮೊದಲ ನ್ಯೂರೋಸರ್ಜರಿ ವಿಭಾಗವನ್ನು ಡಾ. ಜೇಕಬ್ ಚಾಂಡಿ 1949ರಲ್ಲಿ ಶುರುಮಾಡಿದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಅವರು ಕೆನಡಾದ ಮಾಂಟ್ರಿಯಲ್‌ನಲ್ಲಿ ಪೆನ್‌ಫೀಲ್ಡ್ ಹತ್ತಿರ ಕಲಿತು ಬಂದವರು. ಮರುವರ್ಷ ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿ. ಇನ್ನು ನಮ್ಮ ಕಡೆ, ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಸೇರಿದ ಹಾಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿತ್ತು. ಅಲ್ಲಿಗೆ 1958ರಲ್ಲಿ ಡಾ. ಆರ್. ಎಂ. ವರ್ಮ ಬಂದು ನ್ಯೂರೋಸರ್ಜರಿ ಕಟ್ಟಿದರು. ಆಸ್ಪತ್ರೆ, ಸಂಸ್ಥೆ ಎರಡೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು.

ಬಂಗಾರಪೇಟೆ ಜಂಕ್ಷನ್ನಿನಲ್ಲಿ ನಿಂತು ನೋಡಿದರೆ ಇದು ತಮಾಷೆಯಾಗಿದೆ. ಪಡುವಣಕ್ಕೆ ಹೋಗುವ ರೈಲು ಹತ್ತಿದರೆ ಬೆಂಗಳೂರು, ಮೂಡಣಕ್ಕೆ ಹೋಗುವುದು ಹತ್ತಿ ಕಾಟ್ಪಾಡಿಯಲ್ಲಿ ಇಳಿದರೆ ವೆಲ್ಲೂರು. ದೇಶದ ಬಹಳಷ್ಟು ಊರುಗಳಿಗೆ ಒಂದೂ ಇಲ್ಲದ ಕಾಲದಲ್ಲಿ ನಮಗೆ ಎರಡು ಕಡೆಗೂ ಒಂದೊಂದು. ನಮ್ಮೂರಲ್ಲಿ ಈಗಲೂ ಮನೆಮಾತು ತಮಿಳು ಇರುವವರು ವೆಲ್ಲೂರು ಅನ್ನುತ್ತಾರೆ, ಕನ್ನಡ ತೆಲುಗಿನವರು ನಿಮ್ಹಾನ್ಸ್ ಅನ್ನುತ್ತಾರೆ. ಹುಚ್ಚಾಸ್ಪತ್ರೆ ಅಂತ ಹೆದರುತ್ತಿದ್ದ ಜಾಗದಲ್ಲೇ ನ್ಯೂರೋಸರ್ಜರಿ ಬಂದದ್ದು, ವಿರ್ಶೋ ಕಾಲದ ಆ ಹೆಣಗಳನ್ನು ನೆನೆದರೆ, ಸರಿಯಾದ ಜಾಗಕ್ಕೇ ಬಂತು ಅನ್ನಬೇಕು.

ಹಾಗಂತ ಆಗ ಎಪ್ಪತ್ತು ವರ್ಷದವರನ್ನು ಯಾರೂ ಅಲ್ಲಿಗೆ ಸಲೀಸಾಗಿ ಕರೆದೊಯ್ಯುತ್ತಿರಲಿಲ್ಲ. ಬುರುಡೆಯೊಳಗೆ ಏನಿದೆ ಅಂತ ತಿಳಿಯುವುದೇ ಕಷ್ಟ. ಕತ್ತಿನ ರಕ್ತನಾಳಕ್ಕೆ ಸೂಜಿ ಹಾಕಿ ಬಣ್ಣದ ದ್ರವ ಬಿಟ್ಟು ಎಕ್ಸರೇ ತೆಗೆಯಬೇಕು (ಪೋರ್ಚುಗಲ್ಲಿನ ಎಗಾಸ್ ಮೋನಿಜ್ 1927ರಲ್ಲಿ ಕಂಡುಹಿಡಿದದ್ದು), ಇಲ್ಲವೇ ಮಿದುಳಿನ ನೀರು ತೆಗೆದು ಗಾಳಿ ತುಂಬಬೇಕು. ಪರೀಕ್ಷೆಯೇ ಮುದುಕರನ್ನು ಮಲಗಿಸಿಬಿಡುವಂಥದ್ದು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಗೆ ಸಿ.ಟಿ. ಸ್ಕ್ಯಾನ್ ಆಯಿತು. ಅದನ್ನು ಮಾಡಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್‌ಗೆ 1979ರ ನೊಬೆಲ್ ಬಂತು. ನನ್ನ ಅಭಿಪ್ರಾಯದಲ್ಲಿ ಮುದುಕರ ಮಟ್ಟಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಅಲುಗಾಡದೆ ಸ್ವಲ್ಪ ಹೊತ್ತು ಮಲಗಿದರೆ ಅರಳುಮರಳೋ ರಕ್ತವೋ ಅಂತ ಬೆಳ್ಳಗೆ ಕಪ್ಪಗೆ ಕಾಣಿಸುತ್ತದೆ.

ಮಿದುಳಿನ ಒಳಗಿನ ರಕ್ತಸ್ರಾವದ ಕಥೆ ಅಷ್ಟು ಸುಖದ್ದಲ್ಲ. ಅದೇ ಅಟ್ಕಿನ್ಸನ್ ಮಾರ್ಲಿಯಲ್ಲಿ ಮೆಕಿಸಾಕ್ ಎಂಬಾತ 180 ರೋಗಿಗಳನ್ನು ಎರಡು ಪಾಲು ಮಾಡಿ, ಅರ್ಧ ಜನಕ್ಕೆ ಆಪರೇಶನ್, ಅರ್ಧ ಜನಕ್ಕೆ ಬರೀ ಆರೈಕೆ ಅಂತ ನೋಡಿ 1961ರಲ್ಲಿ ಪ್ರಕಟಿಸಿದ. ಆಪರೇಶನ್ನಿಂದ ಲಾಭ ಕಾಣಲಿಲ್ಲ. 2005ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಮತ್ತೆ ನೋಡಿದಾಗಲೂ, ಎಲ್ಲರಿಗೂ ಬೇಗ ಆಪರೇಶನ್ ಮಾಡಿದರೆ ಲಾಭ ಅಂತ ತೋರಲಿಲ್ಲ. 2024ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಮಾತ್ರ, ಸಣ್ಣ ಕೊಳವೆ ತೂರಿಸಿ ತೆಗೆಯುವ ವಿಧಾನದಿಂದ, ಹೊರಪದರಕ್ಕೆ ಹತ್ತಿರದ ರಕ್ತಸ್ರಾವಗಳಲ್ಲಿ ಒಳ್ಳೆಯ ಫಲ ಬಂದಿದೆ. ಹಾಗಾಗಿ “ಡಾಕ್ಟರು ಆಪರೇಶನ್ ಬೇಡ ಅಂದುಬಿಟ್ಟರು, ಕೈಬಿಟ್ಟರು” ಅಂತ ಕೆಲವು ಮನೆಯವರು ಕೊರಗುವುದು ಯಾವಾಗಲೂ ನ್ಯಾಯವಲ್ಲ.

ಪೊರೆಯ ಕೆಳಗಿನ ರಕ್ತಕ್ಕೆ ಆಪರೇಶನ್ ಬೇರೆಯೇ. ಬುರುಡೆಗೆ ಒಂದೋ ಎರಡೋ ತೂತು ಕೊರೆದು, ಎಂಜಿನ್ ಆಯಿಲ್ ಹಾಗಿರುವ ಹಳೇ ರಕ್ತವನ್ನು ತೊಳೆದು ತೆಗೆಯುತ್ತಾರೆ. ತೂತು ಕೊರೆಯುವುದರಲ್ಲೇ ಬದುಕು ಸವೆಸಿದ ಊರು ನಮ್ಮದು, ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು. ನಮಗೆ ಬುರುಡೆಯ ತೂತು ಏನು ಮಹಾ ಅಂತ ಒಬ್ಬ ಹಳೇ ಗಣಿಯವರು ನಗುತ್ತಿದ್ದರು :) ಆಪರೇಶನ್ ಒಂದು ಗಂಟೆ ಹಿಡಿದರೆ ಹೆಚ್ಚು. ಎಷ್ಟೋ ಜನ ಟೇಬಲ್ಲಿನಿಂದ ಇಳಿಯುವಾಗಲೇ ಮಾತಾಡುತ್ತಾರೆ. ಮನೆಯವರು ಗೆದ್ದೆವು ಅಂದುಕೊಂಡು ಕ್ಯಾಂಟೀನಿಗೆ ಕಾಫಿಗೆ ಹೋಗುತ್ತಾರೆ. ಕಥೆ ಶುರುವಾಗುವುದೇ ಆಗ.

ಮೊದಲನೆಯದು, ತೆಗೆದ ರಕ್ತ ಮತ್ತೆ ತುಂಬಿಕೊಳ್ಳುವುದು. ಕುಗ್ಗಿದ ಮಿದುಳು ಬೇಗ ಉಬ್ಬಿ ಜಾಗ ತುಂಬುವುದಿಲ್ಲ, ಖಾಲಿ ಜಾಗ ಇದ್ದೇ ಇರುತ್ತದೆ. 2009ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 215 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ತೂತಿನಲ್ಲಿ ಸಣ್ಣ ನಳಿಕೆ ಬಿಟ್ಟು ಎರಡು ದಿನ ರಕ್ತ ಹೊರಗೆ ಹರಿಯಲು ಬಿಟ್ಟರೆ, ಮತ್ತೆ ಆಪರೇಶನ್ ಬೇಕಾಗುವವರು ನೂರಕ್ಕೆ 24ರಿಂದ ಸುಮಾರು 9ಕ್ಕೆ ಇಳಿದರು. ಆರು ತಿಂಗಳೊಳಗಿನ ಸಾವು ಕೂಡ ಅರ್ಧಕ್ಕಿಂತ ಕಡಿಮೆಯಾಯಿತು. ಒಂದು ರಬ್ಬರ್ ನಳಿಕೆ! ಇಷ್ಟು ಸಾದಾ ವಿಷಯ ಗೊತ್ತಾಗಲು ಟ್ರಾಟರ್‌ನಿಂದ ಮುಂದೆ ತೊಂಬತ್ತೈದು ವರ್ಷ ಹಿಡಿಯಿತು.

ಉಳಿದವೆಲ್ಲ ತಲೆಯವೇ ಅಲ್ಲ. ಫಿಟ್ಸ್ ಬರಬಹುದು, ಗಾಯ ಕೀವಾಗಬಹುದು, ಅದು ಸರಿ. ಆದರೆ ಮುದುಕರನ್ನು ಹೆಚ್ಚಾಗಿ ಕೆಡಿಸುವುದು ಶ್ವಾಸಕೋಶ, ಮೂತ್ರದ ನಳಿಕೆ, ಕಾಲಿನ ನಾಳ, ಬೆನ್ನಿನ ಚರ್ಮ. ಮಂಪರಿನಲ್ಲಿರುವವರಿಗೆ ಪ್ರೀತಿಯಿಂದ ಗಂಜಿ ಕುಡಿಸಲು ಹೋದರೆ ನೆತ್ತಿಗೆ ಹತ್ತುತ್ತದೆ, ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ. ಅಲುಗಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ರಕ್ತ ತೆಳುಮಾಡುವ ಔಷಧಿ ಕೊಡೋಣ ಅಂದರೆ ತಲೆಯಲ್ಲಿ ಮತ್ತೆ ಜಿನುಗೀತು ಅನ್ನುವ ಭಯ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರದಂತೂ ಅತ್ತ ದರಿ ಇತ್ತ ಪುಲಿ. ಸೋಡಿಯಂ ಇಳಿಯುತ್ತದೆ. ಬೆನ್ನಿಗೆ ಹಾಸಿಗೆ ಹುಣ್ಣು. 2011ರಲ್ಲಿ ಅಮೆರಿಕದ ವೈದ್ಯರು, ಸರಾಸರಿ ಎಂಬತ್ತು ವಯಸ್ಸಿನ ಇಂಥ 209 ರೋಗಿಗಳ ಲೆಕ್ಕ ಹಾಕಿದಾಗ, ಒಂದು ವರ್ಷದೊಳಗೆ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರು ತೀರಿಕೊಂಡಿದ್ದರು. ಸಣ್ಣ ಆಪರೇಶನ್ ಅಂತ ಹೇಳುವುದನ್ನು ನಿಲ್ಲಿಸಿ ಅನ್ನುವುದೇ ಅವರ ಲೇಖನದ ಧಾಟಿ.

ನಮಗೆಲ್ಲ ಪರಿಚಯವಿರುವ ಮುಖಗಳಲ್ಲೇ ಇದನ್ನು ನೋಡಬಹುದು. ಮಾಜಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ 2020ರ ಆಗಸ್ಟಿನಲ್ಲಿ ಮನೆಯಲ್ಲಿ ಬಿದ್ದರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಆಗಸ್ಟ್ 10ರಂದು ತಲೆಯ ಹೆಪ್ಪು ತೆಗೆದರು. ಜೊತೆಗೆ ಕೋವಿಡ್ ಇತ್ತು. ಆಮೇಲೆ ದಿನಾ ಬರುತ್ತಿದ್ದ ಆಸ್ಪತ್ರೆಯ ಪ್ರಕಟಣೆಗಳನ್ನು ನೆನಪಿಸಿಕೊಳ್ಳಿ: ಕೋಮಾ, ಶ್ವಾಸಕೋಶದ ಸೋಂಕು, ಮೂತ್ರಪಿಂಡ, ಕೊನೆಗೆ ಸೆಪ್ಟಿಕ್ ಶಾಕ್. ಆಗಸ್ಟ್ 31ಕ್ಕೆ ಹೋದರು, 84 ವರ್ಷ. ನಮ್ಮ ಉಡುಪಿಯ ಆಸ್ಕರ್ ಫರ್ನಾಂಡಿಸ್ 2021ರ ಜುಲೈನಲ್ಲಿ ಮನೆಯಲ್ಲಿ ಯೋಗ ಮಾಡುವಾಗ ಬಿದ್ದರು. ಬಿದ್ದಾಗ ಏನೂ ಆಗಲಿಲ್ಲ ಅಂದುಕೊಂಡಿದ್ದರು. ಅವರು ಮೊದಲೇ ಡಯಾಲಿಸಿಸ್‌ನಲ್ಲಿದ್ದವರು. ಮಂಗಳೂರಿನ ಆಸ್ಪತ್ರೆಯಲ್ಲಿ ಹೆಪ್ಪು ತೆಗೆದ ಮೇಲೂ ವಾರಗಟ್ಟಲೆ ಹಾಸಿಗೆಯಲ್ಲೇ ಇದ್ದು ಸೆಪ್ಟೆಂಬರ್ 13ಕ್ಕೆ ತೀರಿಕೊಂಡರು, 80 ವರ್ಷ. ಇನ್ನೊಂದು ಕಡೆ ಮೈಸೂರಿನಲ್ಲಿ ಹುಟ್ಟಿ ಬೆಳೆದ ಜಗ್ಗಿ ವಾಸುದೇವ್, ವಾರಗಟ್ಟಲೆ ತಲೆನೋವು ಇಟ್ಟುಕೊಂಡು ಓಡಾಡಿ, 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಆಪರೇಶನ್ ಮಾಡಿಸಿಕೊಂಡು ಹತ್ತೇ ದಿನಕ್ಕೆ ಮನೆಗೆ ಹೊರಟರು. ಅವರಿಗೆ 66. ಮೂವರಿಗೂ ಒಳ್ಳೆಯ ಆಸ್ಪತ್ರೆ, ಒಳ್ಳೆಯ ಡಾಕ್ಟರು, ಹಣಕ್ಕೇನೂ ಕೊರತೆ ಇಲ್ಲ. ವ್ಯತ್ಯಾಸ ತಲೆಗಿಂತ ಹೆಚ್ಚಾಗಿ ಉಳಿದ ದೇಹದ್ದು, ವಯಸ್ಸಿನದು.

ಉಳಿದ ದೇಹ ಅಂದಾಗ ನನಗೆ ನಮ್ಮೂರಿನವರ ಎದೆ ನೆನಪಾಗುತ್ತದೆ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಯಿಂದ ಅಂತ ಮೆಡಿಕಲ್ ಕಾಲೇಜಿನ ಪಠ್ಯಪುಸ್ತಕದಲ್ಲಿ ಈಗಲೂ ಇದೆ. ಪರೀಕ್ಷೆ ಮಾಡಿದ ಕಾರ್ಮಿಕರಲ್ಲಿ ನೂರಕ್ಕೆ 43.7 ಜನಕ್ಕೆ ಕಾಯಿಲೆ ಇತ್ತು. ಕಲ್ಲು ಕೊರೆಯುವಾಗ ಏಳುವ ಕಣ್ಣಿಗೆ ಕಾಣದ ದೂಳು ಎದೆಯಲ್ಲಿ ಕೂತು ಗಂಟುಕಟ್ಟುತ್ತದೆ. ಗಣಿ ಬಿಟ್ಟ ಮೇಲೂ ಅದು ಬೆಳೆಯುತ್ತದೆ, ಕ್ಷಯಕ್ಕೂ ದಾರಿ ಮಾಡುತ್ತದೆ. ಇಂಥ ಎದೆ ಇಟ್ಟುಕೊಂಡವರು ತಲೆಗೆ ತೂತು ಕೊರೆಸಿಕೊಂಡು ಅಂಗಾತ ಮಲಗಿದರೆ ಏನಾಗಬಹುದು ಯೋಚಿಸಿ. ಸಿಟಿಯ ಆಸ್ಪತ್ರೆಯ ಫಾರಂನಲ್ಲಿ ಬಿ.ಪಿ., ಶುಗರ್, ಹಾರ್ಟ್ ಕಾಲಂಗಳು ಇರುತ್ತವೆ. ಹಿಂದೆ ಏನು ಕೆಲಸ ಮಾಡುತ್ತಿದ್ದರು ಅನ್ನುವುದಕ್ಕೆ “ನಿವೃತ್ತ” ಅಂತ ಬರೆದು ಮುಗಿಸುತ್ತಾರೆ.

ನಮ್ಮ ದೊಡ್ಡಪ್ಪನದು ಹೀಗೇ ಆಯಿತು. ನಂದಿದುರ್ಗ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿ ಬಂದವರು. 76ನೆಯ ವಯಸ್ಸಿನಲ್ಲಿ ನಲ್ಲಿ ಕಟ್ಟೆಯ ಹತ್ತಿರ ಜಾರಿದರು. ಮೂರು ವಾರದ ಮೇಲೆ ಎಡಗಾಲಿನ ಚಪ್ಪಲಿ ಕಳಚಿಬಿದ್ದರೂ ಗೊತ್ತಾಗದೆ ಒಂದೇ ಚಪ್ಪಲಿಯಲ್ಲಿ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಿಂದ ಮನೆಗೆ ಬಂದರು. ಎಲ್ಲರೂ ನಕ್ಕರು. ದೊಡ್ಡಮ್ಮ ಒಬ್ಬರೇ ನಗಲಿಲ್ಲ. ಸ್ಕ್ಯಾನ್ ಆಗಿ, ಬೆಂಗಳೂರಿಗೆ ಹೋಗಿ, ಅಲ್ಲೊಂದು ಆಸ್ಪತ್ರೆಯಲ್ಲಿ ತೂತು ಕೊರೆದು ರಕ್ತ ತೆಗೆದದ್ದೂ ಚೆನ್ನಾಗೇ ಆಯಿತು. ಮೂರನೆಯ ರಾತ್ರಿ ಶುರುವಾಯಿತು ನೋಡಿ. ಐ.ಸಿ.ಯು. ದೀಪಗಳನ್ನು ನೋಡುತ್ತಾ, ನನ್ನ ಟೋಪಿ ಎಲ್ಲಿ, ಲ್ಯಾಂಪ್ ಎಲ್ಲಿ, ಕೇಜ್ ಯಾಕಿನ್ನೂ ಬಂದಿಲ್ಲ ಅಂತ ಕೂಗು. ಮಾನಿಟರ್ ಟಿಣ್ ಟಿಣ್ ಅಂದರೆ ಶಾಫ್ಟಿನ ಗಂಟೆ ಅಂದುಕೊಳ್ಳುವುದು. ಮೂಗಿನ ನಳಿಕೆ ಕಿತ್ತರು, ಕೈಗೆ ಬ್ಯಾಂಡೇಜ್ ಸುತ್ತಿ ಮಂಚಕ್ಕೆ ಕಟ್ಟಿದರು. ಜೀವಕ ಆಪರೇಶನ್ನಿಗೆ ಮೊದಲು ಕಟ್ಟಿದ, ಇವರು ಆಮೇಲೆ ಕಟ್ಟಿದರು. ಕೊನೆಗೆ ಒಬ್ಬ ನರ್ಸಮ್ಮ ನಿಯಮ ಸಡಿಲಿಸಿ ದೊಡ್ಡಮ್ಮನನ್ನು ಒಳಗೆ ಬಿಟ್ಟರು. ದೊಡ್ಡಮ್ಮ ಪಕ್ಕದಲ್ಲಿ ಕೂತು “ರೀ, ಶಿಫ್ಟ್ ಮುಗೀತು, ಮೇಲಕ್ಕೆ ಬಂದಾಯ್ತು, ಮಲ್ಕೊಳ್ಳಿ” ಅಂದರು. ಹತ್ತು ಸಲ ಅಂದಿರಬೇಕು. ಮಲಗಿದರು.

ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ಹುಚ್ಚಲ್ಲ, ಅರಳುಮರಳೂ ಅಲ್ಲ. ಕಾಯಿಲೆಯ ಹೊಡೆತ, ಔಷಧಿ, ನಿದ್ದೆಗೇಡು, ಹಗಲು ರಾತ್ರಿ ಗೊತ್ತಾಗದ ಕೋಣೆ, ಎಲ್ಲ ಸೇರಿ ಆಗುವ ತಾತ್ಕಾಲಿಕ ಗಲಿಬಿಲಿ. ಶರಾನ್ ಇನೌಯೆ ಎಂಬ ವೈದ್ಯೆ 1999ರಲ್ಲಿ 70 ದಾಟಿದ 852 ಒಳರೋಗಿಗಳನ್ನು ನೋಡಿ ಬರೆದದ್ದಿದೆ. ಕನ್ನಡಕ, ಕಿವಿಯ ಮಿಷಿನ್ನು ಕೊಟ್ಟು, ದಿನ ವಾರ ಹೇಳುತ್ತಾ, ರಾತ್ರಿ ನಿದ್ದೆ ಕೆಡಿಸದೆ, ಹಗಲು ನಡೆಸಿ ನೋಡಿಕೊಂಡರೆ ಡೆಲಿರಿಯಂ ಬರುವುದು ನೂರಕ್ಕೆ 15ರಿಂದ ಸುಮಾರು 10ಕ್ಕೆ ಇಳಿಯಿತು. ಔಷಧಿ ಅಲ್ಲ, ಮನುಷ್ಯರು. ನಮ್ಮಲ್ಲಿ ಮನುಷ್ಯರಿಗೆ ಬರವಿಲ್ಲ. ಗೇಟಿನ ಹೊರಗೆ ಚಾಪೆ ಹಾಸಿಕೊಂಡು ಕಾಯುತ್ತಾ ಕೂತಿರುತ್ತಾರೆ ಅಷ್ಟೇ.

ಎದೆಯ ವಿಷಯಕ್ಕೆ ವಾಪಸ್ಸು. ಐದನೆಯ ದಿನ ಜ್ವರ. ಎಕ್ಸರೇ ತೆಗೆದರೆ ಎರಡು ಕಡೆಯೂ ಕಲೆ ಕಲೆ. ಇದರಲ್ಲಿ ಹೊಸ ನ್ಯುಮೋನಿಯಾ ಯಾವುದು, ನಲವತ್ತು ವರ್ಷದ ಹಿಂದಿನ ದೂಳು ಯಾವುದು ಅಂತ ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರಿಗೆ ತಿಳಿಯಲಿಲ್ಲ. ದೊಡ್ಡಮ್ಮ ಹಳೇ ಟ್ರಂಕಿನಲ್ಲಿ ಗಣಿಯ ಕಾಲದ ಎಕ್ಸರೇ ಜೋಪಾನ ಮಾಡಿದ್ದರು. ಮರುದಿನದ ಮೊದಲ ರೈಲಿಗೆ ನನ್ನ ತಮ್ಮ ಅದನ್ನು ಸೀರೆಯಲ್ಲಿ ಸುತ್ತಿಕೊಂಡು ತಂದ. ಎರಡನ್ನೂ ದೀಪದ ಮುಂದೆ ಹಿಡಿದು ನೋಡಿದ ಮೇಲೆ ಬಲಗಡೆ ಕೆಳಗಿನ ಕಲೆ ಮಾತ್ರ ಹೊಸದು ಅಂತ ಗೊತ್ತಾಯಿತು. 26 ದಿನದ ಮೇಲೆ ಮನೆಗೆ ಬಂದರು. ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು, ಮೂರು ತಿಂಗಳಿಗೆ ಊರಿಗಾಂ ಸ್ಟೇಶನ್ನಿನ ತನಕ ನಡೆದರು. ಇನ್ನೂ ನಾಲ್ಕು ವರ್ಷ ಇದ್ದರು. ಕೊನೆಗೆ ಕರೆದುಕೊಂಡದ್ದು ಎದೆಯೇ, ತಲೆಯಲ್ಲ. ನಿಮ್ಮ ಮನೆಯಲ್ಲೂ ಗಣಿ, ಕಲ್ಲು ಕ್ವಾರಿಯಲ್ಲಿ ದುಡಿದವರಿದ್ದರೆ ಹಳೇ ಎಕ್ಸರೇ ಎಸೆಯಬೇಡಿ.

ಎಷ್ಟು ದಿನ ಮಲಗಿರಬೇಕು ಅನ್ನುವ ಜೀವಕನ ಪ್ರಶ್ನೆಗೂ ಈಗಿನವರು ಕೈಹಾಕಿದ್ದಾರೆ. ತೂತು ಕೊರೆದ ಮೇಲೆ ಎರಡು ದಿನ ಚಪ್ಪಟೆಯಾಗಿ ಮಲಗಿಸಿದರೆ ಮಿದುಳು ಉಬ್ಬಿ ಜಾಗ ತುಂಬುತ್ತದೆ ಅನ್ನುವುದು ಹಳೆಯ ಪಾಠ. ಪೋರ್ಚುಗಲ್ಲಿನಲ್ಲಿ ಇತ್ತೀಚೆಗೆ ಒಂದು ಪ್ರಯೋಗದಲ್ಲಿ ಅರ್ಧ ಜನರನ್ನು 48 ಗಂಟೆ ಮಲಗಿಸಿ, ಉಳಿದವರನ್ನು 12 ಗಂಟೆಯೊಳಗೇ ಎಬ್ಬಿಸಿ ಕೂರಿಸಿ ನಡೆಸಿದರು. ಬೇಗ ಎದ್ದವರಲ್ಲಿ ಸೋಂಕು ಮುಂತಾದ ತೊಂದರೆಗಳು ಕಡಿಮೆ, ರಕ್ತ ಮತ್ತೆ ತುಂಬಿದ್ದೇನೂ ಹೆಚ್ಚಾಗಲಿಲ್ಲ. ಹಾಗಂತ ಮನೆಯವರೇ ನುಗ್ಗಿ ಎಬ್ಬಿಸಬೇಡಿ ಮತ್ತೆ! ತಲೆಯಲ್ಲಿ ನಳಿಕೆ ಇರುವವರನ್ನು ಯಾವಾಗ ಎಬ್ಬಿಸಬೇಕು ಅನ್ನುವುದು ಅಲ್ಲಿನ ಡಾಕ್ಟರು ಹೇಳಬೇಕಾದ ಮಾತು. ಆದರೆ ಕೇಳುವುದಕ್ಕೆ ಸಂಕೋಚ ಬೇಡ.

ಔಷಧಿಯಿಂದಲೇ ಕರಗಿಸುವ ಆಸೆಯೂ ಹಳೆಯದು. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಅನ್ನು ವರ್ಷಗಟ್ಟಲೆ ಧಾರಾಳವಾಗಿ ಕೊಡುತ್ತಿದ್ದರು. 2020ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗದ ಫಲಿತಾಂಶ ಬಂದಾಗ, ಮತ್ತೆ ಆಪರೇಶನ್ ಮಾಡಿಸಿಕೊಳ್ಳುವವರು ಕಡಿಮೆಯಾದರೂ ಒಟ್ಟಾರೆ ಚೇತರಿಕೆ ಔಷಧಿ ತಗೊಂಡವರಲ್ಲೇ ಕೆಟ್ಟದಾಗಿತ್ತು. 2024ರಲ್ಲಿ ಇನ್ನೊಂದು ದಾರಿಗೆ ಬೆಂಬಲ ಸಿಕ್ಕಿದೆ: ತೊಡೆಯ ಅಥವಾ ಮಣಿಕಟ್ಟಿನ ನಾಳದಿಂದ ತೆಳು ಕೊಳವೆ ತೂರಿಸಿ, ಪೊರೆಗೆ ರಕ್ತ ಕೊಡುವ ನಾಳವನ್ನೇ ಮುಚ್ಚುವುದು. ರಕ್ತ ಮತ್ತೆ ತುಂಬುವುದು ಇದರಿಂದ ಕಡಿಮೆಯಾಗುತ್ತದೆ ಅಂತ ಕಂಡಿದೆ. ಇದು ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ಮಾತು.

ಸಣ್ಣ ಊರಿನ ಮಾತು ಬೇರೆ. ಗಣಿ ಮುಚ್ಚಿದ ಮೇಲೆ ಗಣಿಯ ಆಸ್ಪತ್ರೆಗೂ ಬೀಗ ಬಿತ್ತು. ಇಪ್ಪತ್ತು ವರ್ಷ ಗಿಡಗಂಟಿ ಬೆಳೆದಿದ್ದ ಆ ಕಟ್ಟಡವನ್ನು 2021ರ ಕೋವಿಡ್ ಹಾವಳಿಯಲ್ಲಿ ಸ್ವಯಂಸೇವಕರು ಗುಡಿಸಿ, ತೊಳೆದು, ಬಣ್ಣ ಬಳಿದು ಕೋವಿಡ್ ಕೇಂದ್ರ ಮಾಡಿದರು. ಮನಸ್ಸು ಮಾಡಿದರೆ ಕೆಲವೇ ವಾರದಲ್ಲಿ ಆಗುತ್ತದೆ ಅನ್ನುವುದು ಆಗ ನಮಗೆಲ್ಲ ಗೊತ್ತಾಯಿತು. ಊರಿಗಾಂನಲ್ಲಿ ನ್ಯೂರೋಸರ್ಜನ್ ಬೇಕು ಅಂತ ನಾನು ಕೇಳುತ್ತಿಲ್ಲ, ಒಂದು ಗಂಟೆಯ ಆಪರೇಶನ್ನಿಗೆ ನೂರು ಕಿಲೋಮೀಟರು ಹೋಗಬಹುದು. ಬೇಕಾದದ್ದು ಆಮೇಲಿನ ಎರಡು ತಿಂಗಳಿಗೆ ಬೇಕಾದವರು. ನುಂಗುವುದನ್ನು ಮತ್ತೆ ಕಲಿಸುವವರು, ಕಾಲು ಅಲುಗಾಡಿಸುವ ಫಿಸಿಯೋಥೆರಪಿಯವರು, ಸೋಡಿಯಂ ನೋಡುವ ಲ್ಯಾಬು, ತಲೆನೋವು ಮತ್ತೆ ಬಂದರೆ ಅದೇ ದಿನ ಸ್ಕ್ಯಾನ್. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಮಿದುಳು ಆರೋಗ್ಯ ಯೋಜನೆ ಶುರುಮಾಡಿದಾಗ, ಮೊದಲ ಪ್ರಯೋಗಕ್ಕೆ ಆರಿಸಿಕೊಂಡ ಕಡೆಗಳಲ್ಲಿ ಕೋಲಾರವೂ ಒಂದು, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ದಕ್ಷಿಣದ ಜೊತೆ. ಜಿಲ್ಲಾಸ್ಪತ್ರೆಯಲ್ಲೇ ಮಿದುಳಿನ ಕಾಯಿಲೆ ನೋಡುವ ಕ್ಲಿನಿಕ್, ನಿಮ್ಹಾನ್ಸ್ ತಜ್ಞರಿಂದ ತರಬೇತಿ ಪಡೆದ ಡಾಕ್ಟರು. ಒಳ್ಳೆಯ ಶುರು. ನಮ್ಮ ಲೈನು ಮನೆಗಳಿಂದ ಕೋಲಾರ ಮೂವತ್ತು ಕಿಲೋಮೀಟರು ಚಿಲ್ಲರೆ, ಮಧ್ಯೆ ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಬೇಕಾಗಬಹುದು. ಗೋಡೆ ಹಿಡಿದು ನಡೆಯುವವರಿಗೆ ಅದೂ ದೂರವೇ.

ಹಟ್ಟಿ ಚಿನ್ನದ ಗಣಿಯ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ಗಣಿ ಇನ್ನೂ ನಡೆಯುತ್ತಿದೆ, ಆಸ್ಪತ್ರೆಯೂ ಇದೆ. ರಿಟೈರಾದವರು ಬಿದ್ದರೆ ಎಲ್ಲಿಗೆ ಒಯ್ಯುತ್ತೀರಿ, ವಾಪಸ್ಸು ಬಂದ ಮೇಲೆ ಯಾರು ನೋಡಿಕೊಳ್ಳುತ್ತಾರೆ, ಹಳೇ ಎಕ್ಸರೇಗಳನ್ನು ಕೈಗೆ ಕೊಡುತ್ತಾರಾ? ಬಿಡುವಾದಾಗ ಬರೆಯಿರಿ.